ತಾತ್ಕಾಲಿಕ ಹಲ್ಲಿನ ತಿಂಗಳುಗಳು

ಪ್ರೀತಿಯ ಮಗಳೇ,

ನೀನು ಕಳಿಸಿದ ಎಕ್ಸ್‌ರೇ, ಫೋಟೊ, ಎರಡು ಕ್ಲಿನಿಕ್‌ಗಳ ಎಸ್ಟಿಮೇಟು ಎಲ್ಲವನ್ನೂ ನೋಡಿದೆ. ಒಂದು ಕಡೆಯವರು 28 ಹಲ್ಲು, ದವಡೆಯ ಮೂಳೆಗೆ ಕೂರಿಸುವ ಇಂಪ್ಲಾಂಟ್ ಸಮೇತ ಎರಡು ವಾರದಲ್ಲಿ ಮುಗಿಸಿಕೊಡುತ್ತೇವೆ ಅಂದಿದ್ದಾರೆ. ಇನ್ನೊಂದು ಕಡೆಯವರು ಒಂಬತ್ತು ತಿಂಗಳು ಬೇಕು, ಅದರಲ್ಲೂ ಮೊದಲ ಎರಡು ತಿಂಗಳು ಕ್ಯಾಪಿಗೆಂದು ಒಂದು ಹಲ್ಲನ್ನೂ ಕೊರೆಯುವುದಿಲ್ಲ ಅಂದಿದ್ದಾರೆ. ದುಡ್ಡಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. 'ದೊಡ್ಡಮ್ಮ, ಎರಡು ವಾರದ್ದೇ ಮಾಡಿಸಿಬಿಡಲಾ?' ಅಂತ ಕೇಳಿದ್ದೀಯ. ಬೇಡ. ಒಂಬತ್ತು ತಿಂಗಳು ಕೇಳಿದವರ ಬಳಿಯೇ ಹೋಗು. ಯಾಕೆ ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಬಾಯಿ ತುಂಬ ಹಲ್ಲು ಸವೆದು, ಮುರಿದು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕೂತವರು ನಮ್ಮ ಬಯಲುಸೀಮೆಯಲ್ಲಿ ಊರೂರಿಗೂ ಇದ್ದಾರೆ. ಅವರೂ ಓದಲಿ ಎಂದೇ, ನಿನ್ನ ಒಪ್ಪಿಗೆ ಪಡೆದು, ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ದಂತ ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡಿ ನಿವೃತ್ತಳಾದವಳು ನಾನು. ನಿನ್ನೊಬ್ಬಳಿಗೇ ಹೇಳಿ ಸುಮ್ಮನಾಗುವುದು ಸರಿಯಲ್ಲ ಅನ್ನಿಸಿತು.

ನಿನ್ನ ಹಲ್ಲಿಗೆ ಏನಾಯಿತೆಂದು ನಿನಗೆ ಯಾರೂ ನೆಟ್ಟಗೆ ಹೇಳಿದಂತಿಲ್ಲ. ಹುಟ್ಟಿ ಬೆಳೆದದ್ದು ಪಾವಗಡದ ಪಕ್ಕದ ಹಳ್ಳಿಯಲ್ಲಿ, ಚಿಕ್ಕಂದಿನಲ್ಲಿ ಕುಡಿದದ್ದೆಲ್ಲ ಕೊಳವೆಬಾವಿಯ ನೀರು. ಬಾಯಲ್ಲಿ ಹಾಲುಹಲ್ಲು ಇರುವಾಗಲೇ ದವಡೆಯೊಳಗೆ ಶಾಶ್ವತ ಹಲ್ಲುಗಳ ಹೊರಪದರವಾದ ಎನಾಮೆಲ್ ರೂಪುಗೊಳ್ಳುತ್ತಿರುತ್ತದೆ. ಸುಮಾರು ಎಂಟು ವರ್ಷದವರೆಗೆ ಈ ಕೆಲಸ ನಡೆಯುತ್ತದೆ. ಆಗ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಿದ್ದರೆ ಎನಾಮೆಲ್ ಪೂರ್ತಿ ಗಟ್ಟಿಯಾಗುವುದಿಲ್ಲ. ಹಲ್ಲು ಮೂಡುವಾಗಲೇ ಸುಣ್ಣದ ಬಿಳುಪು, ಆಮೇಲೆ ಕಂದು ಪಟ್ಟೆ, ತೀವ್ರವಾಗಿದ್ದರೆ ಚಕ್ಕೆ ಏಳುವುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುವುದು ಭಾರತೀಯ ಮಾನಕ. ಪಾವಗಡ, ಬಾಗೇಪಲ್ಲಿ, ಮೊಳಕಾಲ್ಮೂರು, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳು ಈ ಮಿತಿ ದಾಟಿದವು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕ್‌ಕೇ ಎಂಬ ದಂತವೈದ್ಯರು ಅಲ್ಲಿಯ ಜನರ ಕಂದು ಹಲ್ಲು ನೋಡಿ ಕಾರಣ ಹುಡುಕಲು ಹೊರಟರು. ನೀರಿನ ಫ್ಲೋರೈಡೇ ಕಾರಣ ಎಂದು ಗೊತ್ತಾಗುವಷ್ಟರಲ್ಲಿ 1931 ಬಂದಿತ್ತು. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಭಾರತದ ಮೊದಲ ವರದಿ ಬಂತು. ಅಂದರೆ ನೀನು ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ವಿಷಯ ತಿಳಿದಿತ್ತು. ಆದರೂ ಶಾಲೆಯಲ್ಲಿ 'ಹಲ್ಲುಜ್ಜದವಳು' ಅಂತ ನಿನ್ನನ್ನು ಆಡಿಕೊಂಡರು. ಹೆಣ್ಣು ನೋಡಲು ಬಂದವರು ನಿನ್ನ ಓದು, ಕೆಲಸ ಬಿಟ್ಟು ಹಲ್ಲಿನ ಬಣ್ಣದ ಮಾತೆತ್ತಿದರು. ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುವ ಅಭ್ಯಾಸ ನಿನಗೆ ಬಂದದ್ದು ಆಗಲೇ. ಇದರಲ್ಲಿ ನಿನ್ನ ತಪ್ಪು ಒಂದಿಷ್ಟೂ ಇಲ್ಲ. ಚಿಕಿತ್ಸೆಯ ಕುರ್ಚಿಯಲ್ಲಿ ಕೂರುವ ಮುನ್ನ ಇದು ನಿನ್ನ ಮನಸ್ಸಿಗೆ ಗಟ್ಟಿಯಾಗಿ ಇಳಿಯಬೇಕು. ನಾಚಿಕೆಯಿಂದ ಕೂತವರು ವೈದ್ಯರನ್ನು ಪ್ರಶ್ನೆ ಕೇಳುವುದಿಲ್ಲ, ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುತ್ತಾರೆ.

ಈಗಿನ ತೊಂದರೆ ಬರೀ ಬಣ್ಣದ್ದಲ್ಲ. ಕೆಳದವಡೆಯ ಎರಡೂ ಬದಿಯಲ್ಲಿ ಹಿಂದಿನ ಎರಡೆರಡು ಹಲ್ಲು ಹುಳುಕಾಗಿ ಕೀಳಿಸಿದ್ದೀಯ. ಅಗಿಯುವ ಭಾರವೆಲ್ಲ ಮುಂದಿನ ಹಲ್ಲುಗಳ ಮೇಲೆ ಬಿತ್ತು. ಎನಾಮೆಲ್ ಮೊದಲೇ ದುರ್ಬಲ. ಜೊತೆಗೆ ರಾತ್ರಿ ಹಲ್ಲು ಕಡಿಯುತ್ತೀಯ ಅಂತ ನಿನ್ನ ಗಂಡ ಹೇಳುತ್ತಾನೆ. ಮೂರೂ ಸೇರಿ ಬಾಚಿಹಲ್ಲುಗಳು ಅರ್ಧಕ್ಕೆ ಬಂದಿವೆ, ಎನಾಮೆಲ್ ಹೋಗಿ ಒಳಗಿನ ಹಳದಿ ಡೆಂಟಿನ್ ಕಾಣುತ್ತಿದೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಇಂಥ ಬಾಯಿಯನ್ನು ಒಂದೊಂದೇ ಹಲ್ಲಾಗಿ ರಿಪೇರಿ ಮಾಡುತ್ತ ಹೋದರೆ ಹೊಸ ಕ್ಯಾಪ್ ಕೂರಿಸಲು ಮೇಲೆ ಕೆಳಗೆ ಜಾಗವೇ ಸಿಗುವುದಿಲ್ಲ. ಆದ್ದರಿಂದ ಎಲ್ಲ ಹಲ್ಲುಗಳನ್ನೂ, ಅವು ಒಂದಕ್ಕೊಂದು ಕೂಡುವ ರೀತಿಯನ್ನೂ ಒಟ್ಟಿಗೆ ಯೋಚಿಸಿ ಕಟ್ಟುತ್ತಾರೆ. ವೈದ್ಯರು ಫುಲ್ ಮೌತ್ ರಿಹ್ಯಾಬಿಲಿಟೇಶನ್ ಅನ್ನುವುದು ಇದಕ್ಕೇ.

ಮೊದಲ ಭೇಟಿಗಳಲ್ಲಿ ನಿನ್ನನ್ನು ಬಹಳ ಹೊತ್ತು ಮಾತಾಡಿಸಬೇಕು. ಎದೆಯುರಿ ಇದೆಯೇ, ರಾತ್ರಿ ಹುಳಿತೇಗು ಬರುತ್ತದೆಯೇ, ಗೊರಕೆ ಇದೆಯೇ, ಖಿನ್ನತೆಗೋ ಆತಂಕಕ್ಕೋ ಮಾತ್ರೆ ತೆಗೆದುಕೊಳ್ಳುತ್ತೀಯಾ, ದಿನಕ್ಕೆ ಎಷ್ಟು ನಿಂಬೆಹಣ್ಣಿನ ಪಾನಕ, ಎಷ್ಟು ಕೋಲಾ, ಹಲ್ಲುಪುಡಿಯೋ ಇದ್ದಿಲೋ ಪೇಸ್ಟೋ. ಈ ಪ್ರಶ್ನೆಗಳು ಕಾಲಹರಣವಲ್ಲ. ಹೊಟ್ಟೆಯ ಆಮ್ಲ ಬಾಯಿಗೆ ಬರುತ್ತಿದ್ದರೆ ಮೇಲಿನ ಮುಂಹಲ್ಲುಗಳ ಒಳಬದಿ ಕರಗುತ್ತದೆ. ಇದ್ದಿಲಲ್ಲಿ ಉಜ್ಜಿದವರ ಹಲ್ಲು ಒಸಡಿನ ಬಳಿ ಹಳ್ಳ ಬೀಳುತ್ತದೆ. ಕಡಿಯುವವರ ಹಲ್ಲಿನ ತುದಿಗಳು ಚಪ್ಪಟೆಯಾಗಿ, ಮೇಲಿನದೂ ಕೆಳಗಿನದೂ ಪರಸ್ಪರ ಕೂಡುತ್ತವೆ. ಸವೆಸಿದ ಕಾರಣ ಹಾಗೆಯೇ ಉಳಿದರೆ ಅದು ಹೊಸ ಹಲ್ಲನ್ನೂ ಬಿಡುವುದಿಲ್ಲ. ಎಲೆಯಡಿಕೆ, ಗುಟ್ಕಾ ಅಭ್ಯಾಸ ಇರುವವರು ಅದನ್ನು ಮುಚ್ಚಿಡದೆ ಹೇಳಬೇಕು. ಅಡಿಕೆ ಹಲ್ಲನ್ನು ಸವೆಸುವುದಲ್ಲದೆ ಕೆನ್ನೆಯ ಒಳಚರ್ಮವನ್ನು ಬಿಗಿಸಿ ಬಾಯಿ ತೆರೆಯದಂತೆ ಮಾಡುತ್ತದೆ. ಎರಡು ಬೆರಳಷ್ಟೂ ತೆರೆಯದ ಬಾಯಲ್ಲಿ ಯಾರಿಗೂ ಕೆಲಸ ಮಾಡಲಾಗುವುದಿಲ್ಲ. ಅದು ಕ್ಯಾನ್ಸರ್‌ಗೂ ದಾರಿ.

ಅಳತೆ ತೆಗೆಯುವುದಕ್ಕೆ ಈಗ ಅನೇಕ ಕಡೆ ಸ್ಕ್ಯಾನರ್ ಬಂದಿದೆ. ಹಳೆಯ ಪದ್ಧತಿಯಲ್ಲಿ ಆದರೆ ತಟ್ಟೆಯಲ್ಲಿ ಪೇಸ್ಟು ತುಂಬಿ ಬಾಯಿಗಿಡುತ್ತಾರೆ. ವಾಂತಿ ಬಂದಂತಾದರೆ ತಲೆಯನ್ನು ಸ್ವಲ್ಪ ಮುಂದೆ ಬಾಗಿಸಿ ಮೂಗಿನಲ್ಲಿ ನಿಧಾನ ಉಸಿರಾಡು. ಎರಡು ಮೂರು ನಿಮಿಷದ ಕೆಲಸ. ಆಮೇಲೆ ಕಿವಿಗಳಿಗೆ ಕಡ್ಡಿ ಕೂರಿಸುವ ಫೇಸ್‌ಬೋ ಎಂಬ ಸಾಧನದಿಂದ ನಿನ್ನ ಮೇಲ್ದವಡೆ ಕೀಲಿನಿಂದ ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಇದೆ ಎಂದು ಗುರುತಿಸುತ್ತಾರೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚು; ಬೆರಳಿನಡಿ ಆಡುವುದೇ ಆ ಕೀಲು. ನಿನ್ನ ಹಲ್ಲಿನ ಅಚ್ಚುಗಳನ್ನು ಆರ್ಟಿಕ್ಯುಲೇಟರ್ ಎಂಬ ಲೋಹದ ಉಪಕರಣಕ್ಕೆ ಏರಿಸಿದರೆ ಅವು ಮೇಜಿನ ಮೇಲೆಯೂ ಬಾಯಲ್ಲಿ ಆಡುವ ಕ್ರಮದಲ್ಲೇ ಆಡುತ್ತವೆ. ಇಡೀ ಬಾಯಿ ಕಟ್ಟುವ ಕೆಲಸದಲ್ಲಿ ಇದನ್ನು, ಇಲ್ಲವೇ ಕಂಪ್ಯೂಟರಿನಲ್ಲಿ ಇದಕ್ಕೆ ಸಮನಾದದ್ದನ್ನು, ಬಿಟ್ಟುಬಿಡುವ ಕ್ಲಿನಿಕ್ಕಿಗೆ ನೀನು ಹೋಗಬೇಡ.

ಇನ್ನು ಆ ಮೊದಲ ಎರಡು ತಿಂಗಳ ವಿಷಯ. ಹಲ್ಲು ಇಷ್ಟು ಸವೆದಿರುವಾಗ ಮೂಗಿನ ಕೆಳಗಿನ ಮುಖದ ಎತ್ತರ ಕುಗ್ಗಿರಬಹುದು, ಕುಗ್ಗದೆಯೂ ಇರಬಹುದು. ನಿಧಾನವಾಗಿ ಸವೆದರೆ ಹಲ್ಲುಗಳು ತಮ್ಮ ಸುತ್ತಲಿನ ಮೂಳೆಯ ಸಮೇತ ಮೇಲೆದ್ದು ಬಂದು ಎತ್ತರವನ್ನು ಕಾಪಾಡಿಕೊಳ್ಳುತ್ತವೆ. ಆದ್ದರಿಂದ ಸವೆದದ್ದು ಮೂರು ಮಿಲಿಮೀಟರ್ ಆದ ಮಾತ್ರಕ್ಕೆ ಮೂರು ಮಿಲಿಮೀಟರ್ ಎತ್ತರಿಸಬೇಕು ಅಂತಿಲ್ಲ. ಇದನ್ನು ಪರೀಕ್ಷಿಸಲು ನಾನು ರೋಗಿಗಳಿಗೆ 'ಅಮ್ಮ' ಅನ್ನಿ ಅನ್ನುತ್ತಿದ್ದೆ. ಆ ಪದದ 'ಮ್' ಹೇಳುವಾಗ ತುಟಿ ಕೂಡಿರುತ್ತದೆ, ಹಲ್ಲುಗಳ ನಡುವೆ ಎರಡರಿಂದ ನಾಲ್ಕು ಮಿಲಿಮೀಟರ್ ಬಿಡುವು ಇರುತ್ತದೆ. ದವಡೆಯ ಸ್ನಾಯುಗಳಿಗೆ ವಿಶ್ರಾಂತಿ ಸಿಗುವುದು ಆ ಬಿಡುವಿನಲ್ಲೇ. ಹೊಸ ಹಲ್ಲುಗಳು ಆ ಬಿಡುವನ್ನು ಪೂರ್ತಿ ನುಂಗಿಬಿಟ್ಟರೆ ಹಗಲೂ ರಾತ್ರಿ ಹಲ್ಲಿಗೆ ಹಲ್ಲು ತಾಗುತ್ತ, ಕೆನ್ನೆ ನೋವು, ತಲೆನೋವು, ಕೊನೆಗೆ ಪಿಂಗಾಣಿ ಒಡೆಯುವುದು. ಬೇಕಾದ ಎತ್ತರ ನಿನ್ನ ದವಡೆಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಹಲ್ಲು ಕೊರೆಯುವ ಮೊದಲೇ ತಿಳಿಯಬೇಕು. ಅದಕ್ಕಾಗಿಯೇ ಗಟ್ಟಿ ಅಕ್ರಿಲಿಕ್ಕಿನ ಸ್ಪ್ಲಿಂಟ್ ಒಂದನ್ನು ಮಾಡಿ ಹಲ್ಲುಗಳ ಮೇಲೆ ಕೂರಿಸಿ ಕೆಲವು ವಾರ ಧರಿಸಲು ಹೇಳುತ್ತಾರೆ. ಒಗ್ಗದಿದ್ದರೆ ತೆಗೆದಿಟ್ಟರಾಯಿತು, ಏನೂ ಕಳೆದುಕೊಂಡಂತಲ್ಲ. ಮೊದಲ ವಾರ ಜೊಲ್ಲು ಹೆಚ್ಚು ಬರುತ್ತದೆ, ಮಾತು ತೊದಲುತ್ತದೆ, ಬೆಳಿಗ್ಗೆ ದವಡೆ ದಣಿದಂತಿರುತ್ತದೆ. ಆಮೇಲೂ ನೋವು ಉಳಿದರೆ ಸಂಕೋಚಪಡದೆ ಹೇಳು. ಸ್ಪ್ಲಿಂಟನ್ನು ಉಜ್ಜಿ ಸರಿಮಾಡುತ್ತಾರೆ. ಈ ಅವಧಿಯಲ್ಲೇ ಒಸಡಿನ ಶುಚಿ, ಹುಳುಕಿಗೆ ಫಿಲ್ಲಿಂಗ್, ಬೇಕಾದ ಹಲ್ಲಿಗೆ ರೂಟ್ ಕೆನಾಲ್, ಇಂಪ್ಲಾಂಟ್ ಕೂರಿಸುವುದು ಎಲ್ಲ ನಡೆಯುತ್ತದೆ. ಒಸಡಿನಿಂದ ರಕ್ತ ಬರುತ್ತಿರುವ ಬಾಯಲ್ಲಿ ಕ್ಯಾಪಿನ ಅಳತೆ ತೆಗೆಯುವುದು ವ್ಯರ್ಥ.

ಸ್ಪ್ಲಿಂಟ್ ಒಗ್ಗಿದ ಮೇಲೆ ಲ್ಯಾಬಿನಲ್ಲಿ ಮೇಣದ ಕೆಲಸ. ನಿನ್ನ ಸವೆದ ಹಲ್ಲಿನ ಅಚ್ಚಿನ ಮೇಲೆ ಹನಿಹನಿಯಾಗಿ ಮೇಣ ಏರಿಸಿ ಹೊಸ ಹಲ್ಲುಗಳ ಆಕಾರ ತರುತ್ತಾರೆ. ಈಗ ಕೆಲವರು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ರೋಗಿಗಳ ಕಣ್ಣಿಗೆ ಬೀಳದ ಲ್ಯಾಬ್ ಟೆಕ್ನೀಷಿಯನ್‌ಗಳ ಕೈಯಲ್ಲಿ ಈ ಚಿಕಿತ್ಸೆಯ ಅರ್ಧ ಭಾಗವಿದೆ. ಅವರ ಹೆಸರು ಎಲ್ಲಿಯೂ ಬರುವುದಿಲ್ಲವೆಂಬ ಬೇಸರ ನನಗೆ ಇವತ್ತಿಗೂ ಇದೆ. ಮೇಣದ ಆಕಾರದಿಂದ ಅಚ್ಚು ತೆಗೆದು, ಹಲ್ಲು ಕೊರೆಯದೆಯೇ ನಿನ್ನ ಬಾಯಲ್ಲಿ ಹಲ್ಲಿನ ಬಣ್ಣದ ರಾಳವನ್ನು ಒತ್ತಿ ಕೂರಿಸಿ ತೋರಿಸಬಹುದು. ಅದಕ್ಕೆ ಮಾಕ್‌ಅಪ್ ಅನ್ನುತ್ತಾರೆ. ಅದನ್ನು ಕೇಳಿ ಮಾಡಿಸಿಕೋ. ಬರೀ ಕನ್ನಡಿ ನೋಡಿ ಒಪ್ಪಬೇಡ. ಮಾತಾಡು, ನಗು, ಪಕ್ಕದಿಂದ ಫೋಟೊ ತೆಗೆಸು, ಗಂಡನನ್ನೂ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗು.

ಎಷ್ಟು ಹಲ್ಲು ಕೊರೆಯಬೇಕು ಎನ್ನುವುದು ಇಲ್ಲೇ ತೀರ್ಮಾನವಾಗಬೇಕು. ಪೂರ್ತಿ ಕ್ಯಾಪ್ ಹಾಕಲು ಹಲ್ಲಿನ ಹೊರಗೆ ಕಾಣುವ ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಕೊರೆದು ತೆಗೆಯಬೇಕಾಗುತ್ತದೆ. ಕೊರೆದ ಹಲ್ಲುಗಳಲ್ಲಿ ಕೆಲವಕ್ಕೆ ವರ್ಷಗಳ ನಂತರ ಒಳಗಿನ ನರ ಸತ್ತು ರೂಟ್ ಕೆನಾಲ್ ಬೇಕಾಗುತ್ತದೆ. ಹಾಗಾಗಿ ಪ್ರತಿಯೊಂದು ಹಲ್ಲಿಗೂ 'ಇದಕ್ಕೆ ಕ್ಯಾಪ್ ಯಾಕೆ? ಕಾಂಪೊಸಿಟ್ ತುಂಬಿ ಕಟ್ಟಿದರೆ ಸಾಲದೆ? ಮೇಲ್ಭಾಗಕ್ಕಷ್ಟೇ ಆನ್‌ಲೇ ಆಗದೆ?' ಎಂದು ಕೇಳುವ ಹಕ್ಕು ನಿನಗಿದೆ. ಫ್ಲೋರೈಡಿನಿಂದ ತೀವ್ರವಾಗಿ ಕೆಟ್ಟ ಎನಾಮೆಲ್ಲಿಗೆ ಅಂಟು ಸರಿಯಾಗಿ ಹಿಡಿಯದೆ ಇರಬಹುದು, ಆದ್ದರಿಂದ ನಿನಗೆ ಕೆಲವು ಕಡೆ ಕ್ಯಾಪೇ ಸರಿ ಅನ್ನಬಹುದು. ಆ ಕಾರಣವನ್ನು ಅವರು ಬಾಯಿಬಿಟ್ಟು ಹೇಳಲಿ. ಎರಡನೇ ಕ್ಲಿನಿಕ್ಕಿನವರು ಕೆಳದವಡೆಯ ಪ್ರತಿ ಬದಿಗೂ ಒಂದೊಂದೇ ಇಂಪ್ಲಾಂಟ್ ಹೇಳಿದ್ದಾರೆ, ಕೊನೆಯ ಹಲ್ಲಿನ ಜಾಗ ಖಾಲಿ ಬಿಡೋಣ ಅಂದಿದ್ದಾರೆ. ಅದನ್ನು ಓದಿ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ನೆದರ್ಲೆಂಡ್ಸ್‌ನ ನೈಮೇಖನ್ ವಿಶ್ವವಿದ್ಯಾಲಯದ ಆರ್ನ್ಡ್ ಕೈಸರ್ 1981ರಲ್ಲೇ ತೋರಿಸಿದರು: ಹಿಂದಿನ ಕೆಲವು ಹಲ್ಲುಗಳಿಲ್ಲದ ಬಾಯಿಯೂ ಬಹುಪಾಲು ಜನರಿಗೆ ಸಾಕಷ್ಟು ಚೆನ್ನಾಗಿ ಅಗಿಯುತ್ತದೆ. ಜಪಾನ್ 1989ರಿಂದ ಜನರ ಮುಂದಿಟ್ಟಿರುವ ಗುರಿಯೂ 80 ವಯಸ್ಸಿಗೆ 20 ಹಲ್ಲು ಎಂಬುದೇ. 28 ಹಲ್ಲು ತುಂಬಿಸಲೇಬೇಕೆಂಬ ಹಟ ರೋಗಿಗೆ ಒಳ್ಳೆಯದಲ್ಲ.

ಕೊರೆಯುವ ದಿನದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎರಡು, ಮೂರು, ಕೆಲವೊಮ್ಮೆ ನಾಲ್ಕು ತಾಸು ಬಾಯಿ ತೆರೆದಿರಬೇಕು. ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟ ಮೇಲೆ ನೋವಿರುವುದಿಲ್ಲ. ಕಂಪನ, ನೀರು, ಸದ್ದು ಇರುತ್ತವೆ. ಕೈ ಎತ್ತಿದರೆ ನಿಲ್ಲಿಸಬೇಕೆಂದು ಮೊದಲೇ ಮಾತಾಡಿಕೋ. ಮುಂಹಲ್ಲುಗಳನ್ನು ಕೊರೆದಾಗ ಕನ್ನಡಿ ಕೇಳಬೇಡ. ಕೊರೆದುಳಿದ ಚಿಕ್ಕ ಮೋಟುಗಳನ್ನು ಕಂಡು ಅತ್ತವರನ್ನು ನಾನು ಬಹಳ ನೋಡಿದ್ದೇನೆ, ಗಟ್ಟಿ ಮನಸ್ಸಿನ ಗಂಡಸರನ್ನೂ. ಆ ದಿನವೇ ತಾತ್ಕಾಲಿಕ ಹಲ್ಲು ಕೂರಿಸಿಯೇ ಕಳಿಸುತ್ತಾರೆ, ಬೋಳು ಬಾಯಲ್ಲಿ ಯಾರನ್ನೂ ಕಳಿಸುವುದಿಲ್ಲ. ಮರಗಟ್ಟಿದ್ದು ಬಿಡಲು ಎರಡು ಮೂರು ತಾಸು ಬೇಕು. ಅಲ್ಲಿಯವರೆಗೆ ಏನೂ ತಿನ್ನಬೇಡ, ತುಟಿ ಕಚ್ಚಿಕೊಂಡರೂ ಬಿಸಿ ಕಾಫಿ ಸುಟ್ಟರೂ ಗೊತ್ತಾಗುವುದಿಲ್ಲ. ಹೋಗಲು ಬರಲು ಜೊತೆಗೆ ಯಾರಾದರೂ ಇರಲಿ.

ಇಲ್ಲಿಂದ ಶುರುವಾಗುವ ತಿಂಗಳುಗಳೇ, ಮಗಳೇ, ನಾನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು. ತಾತ್ಕಾಲಿಕ ಹಲ್ಲೆಂದರೆ ಅಸಲಿ ಬರುವ ತನಕ ಜಾಗ ತುಂಬುವ ಪ್ಲಾಸ್ಟಿಕ್ ಎಂದು ಜನ ತಿಳಿಯುತ್ತಾರೆ. ಎರಡು ವಾರದ ಪ್ಯಾಕೇಜುಗಳು ಕತ್ತರಿಸುವುದೂ ಇದನ್ನೇ. ಒಳ್ಳೆಯ ದರ್ಜಿ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಎಲ್ಲಿ ಬಿಗಿ ಎಲ್ಲಿ ಸಡಿಲ ನೋಡಿ ಆಮೇಲೆ ಪಕ್ಕಾ ಹೊಲಿಗೆ ಹಾಕುವಂತೆ ಈ ತಿಂಗಳುಗಳಲ್ಲಿ ವೈದ್ಯರು ನಿನ್ನ ಬಾಯಿಯನ್ನು ಓದುತ್ತಾರೆ. ತಾತ್ಕಾಲಿಕ ಹಲ್ಲನ್ನು ಉಜ್ಜಬಹುದು, ಅದಕ್ಕೆ ಸೇರಿಸಬಹುದು, ಎತ್ತರ ಒಂದು ಕೂದಲೆಳೆ ಇಳಿಸಬಹುದು. ಜಿರ್ಕೋನಿಯಾದಂಥ ಶಾಶ್ವತ ಕ್ಯಾಪ್ ಅಂಟಿಸಿದ ಮೇಲೆ ಅಷ್ಟು ಸಲೀಸಾಗಿ ಏನನ್ನೂ ಬದಲಿಸಲಾಗುವುದಿಲ್ಲ.

ಆದ್ದರಿಂದ ಆ ದಿನಗಳಲ್ಲಿ ನೀನು ಸುಮ್ಮನೆ ಕಾಯಬೇಡ, ಗಮನಿಸು. ಒಂದು ಪುಸ್ತಕದಲ್ಲಿ ಬರೆದಿಡು. 'ಸಾಸಿವೆ', 'ಸರಸ್ವತಿ' ಅಂದಾಗ ಸಿಳ್ಳೆ ಬರುತ್ತಿದೆಯೇ? 'ಫೋನು', 'ವಿಷಯ' ಅನ್ನುವಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಗೆ ಹಗುರವಾಗಿ ತಾಗಬೇಕು. ಒತ್ತಿದರೆ ಹಲ್ಲು ಉದ್ದವಾಗಿದೆ ಅಂತ ಅರ್ಥ. ಶಾಲೆಯಲ್ಲಿ ದಿನವಿಡೀ ಪಾಠ ಮಾಡುವವಳು ನೀನು, ಸಂಜೆಗೆ ದವಡೆ ಎಷ್ಟು ದಣಿಯುತ್ತದೆ ಎನ್ನುವುದು ಯಾವ ಯಂತ್ರಕ್ಕೂ ತಿಳಿಯದ ಮಾಹಿತಿ. ಕೆನ್ನೆ ಕಚ್ಚಿಕೊಳ್ಳುತ್ತೀಯಾ, ಯಾವ ಬದಿ? ಊಟವಾದ ಮೇಲೆ ಆಹಾರ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಬೆಳಿಗ್ಗೆ ಎದ್ದಾಗ ಕಿವಿಯ ಮುಂದೆ ನೋವಿದೆಯೇ? ತಾತ್ಕಾಲಿಕ ಹಲ್ಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒಡೆದರೆ ಬೇಸರಪಡಬೇಡ. ಅಲ್ಲಿ ಭಾರ ಹೆಚ್ಚು ಬೀಳುತ್ತಿದೆಯೆಂಬ ಸುದ್ದಿ ಅದು, ಶಾಶ್ವತ ಹಲ್ಲಿಗೆ ಮೊದಲೇ ತಿಳಿದದ್ದು ಒಳ್ಳೆಯದಾಯಿತು. ಹಲ್ಲು ಕಳಚಿ ಬಂದರೆ ಒಂದು ಡಬ್ಬಿಯಲ್ಲಿಟ್ಟು ಕ್ಲಿನಿಕ್ಕಿಗೆ ಫೋನು ಮಾಡು. ಫೆವಿಕ್ವಿಕ್ ಹಾಕಿ ಅಂಟಿಸಿಕೊಂಡು ಬಂದವರ ಒಸಡು ಸುಟ್ಟದ್ದನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡ. ಊಟಕ್ಕೆ ನಿನ್ನ ಊರಿನ ಅಡುಗೆ ದೊಡ್ಡ ಅನುಕೂಲ: ಮುದ್ದೆ ಅಗಿಯುವ ಪದಾರ್ಥವೇ ಅಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಇಡ್ಲಿ, ಮೆತ್ತಗಿನ ಅನ್ನ, ಬೇಯಿಸಿದ ತರಕಾರಿ, ಮೊಟ್ಟೆ ನಡೆಯುತ್ತದೆ. ಚಕ್ಕುಲಿ, ಕೋಡುಬಳೆ, ಕಬ್ಬು, ಮೂಳೆ ಕಡಿಯುವುದು ಬೇಡ.

ಸುಮಾರು ಆರರಿಂದ ಹನ್ನೆರಡು ವಾರ ಹೀಗೆ ನೆಮ್ಮದಿಯಾಗಿ ಕಳೆದರೆ, ಆ ತಾತ್ಕಾಲಿಕ ಹಲ್ಲುಗಳ ಆಕಾರವನ್ನೇ ನಕಲು ಮಾಡಿ ಶಾಶ್ವತ ಹಲ್ಲು ತಯಾರಿಸುತ್ತಾರೆ. ನೆಮ್ಮದಿ ಇಲ್ಲದಿದ್ದರೆ ಇನ್ನೂ ಒಂದು ತಿಂಗಳು ಬೇಕು ಅನ್ನಬಹುದು. ಮದುವೆ, ಗೃಹಪ್ರವೇಶದ ದಿನ ಮುಂದಿಟ್ಟುಕೊಂಡು ಅವರನ್ನು ಅವಸರಪಡಿಸಬೇಡ. ನಿನ್ನ ನಾದಿನಿಯ ಮದುವೆಗೆ ತಾತ್ಕಾಲಿಕ ಹಲ್ಲಿನಲ್ಲೇ ನಗಬಹುದು, ಫೋಟೊದಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ವಸ್ತುವಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಹಿಂದಿನ ಹಲ್ಲಿಗೆ ಜಿರ್ಕೋನಿಯಾ ಅಥವಾ ಲೋಹದ ಮೇಲೆ ಪಿಂಗಾಣಿ, ಮುಂದಿನದಕ್ಕೆ ಲಿಥಿಯಂ ಡೈಸಿಲಿಕೇಟ್ ಸಾಮಾನ್ಯ. ಹಲ್ಲು ಕಡಿಯುವವರಿಗೆ ಗಟ್ಟಿತನ ಮುಖ್ಯ. ಬಣ್ಣದ ಆಯ್ಕೆಯಲ್ಲಿ ಮಾತ್ರ ನನ್ನ ಮಾತು ಕೇಳು. ಬಾಲ್ಯವಿಡೀ ಕಂದು ಹಲ್ಲಿನಿಂದ ನೊಂದವರು ಅತಿ ಬಿಳಿಯನ್ನೇ ಕೇಳುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಕಣ್ಣಿನ ಬಿಳುಪಿಗಿಂತ ಬಿಳಿಯಾದ ಹಲ್ಲು ನಮ್ಮ ಮೈಬಣ್ಣದಲ್ಲಿ ಕೃತಕವಾಗಿ ಎದ್ದು ಕಾಣುತ್ತದೆ. ಹಗಲು ಬೆಳಕಿನಲ್ಲಿ, ಲಿಪ್‌ಸ್ಟಿಕ್ ಒರೆಸಿ, ಬಣ್ಣದ ಪಟ್ಟಿಯನ್ನು ಮುಖದ ಪಕ್ಕ ಹಿಡಿದು ಆರಿಸು. ಅಂಟಿಸುವ ಮುನ್ನ ಒಮ್ಮೆ ಬಾಯಲ್ಲಿ ಕೂರಿಸಿ ತೋರಿಸಬೇಕು. ಆ ಹೊತ್ತಿನಲ್ಲಿ ಬೇಡ ಅನ್ನುವುದಕ್ಕೆ ಅವಕಾಶವಿದೆ, ಅಂಟಿದ ಮೇಲೆ ಇಲ್ಲ.

ಇಂಪ್ಲಾಂಟ್ ಬಗ್ಗೆ ನೀನು ಹೆದರಿದ್ದೀಯ. ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ರಕ್ತಸಂಚಾರ ನೋಡಲು ಇಟ್ಟ ಟೈಟಾನಿಯಂ ಕೊಳವೆ ಮೂಳೆಗೆ ಬೆಸೆದುಕೊಂಡು ಹೊರಬರದೆ ಹೋದದ್ದನ್ನು ಕಂಡರು. 1965ರಲ್ಲಿ ಮೊದಲ ರೋಗಿಯ ದವಡೆಗೆ ಅದನ್ನು ಕೂರಿಸಿದರು. ಆತ ಸುಮಾರು ನಲವತ್ತು ವರ್ಷ, ಸಾಯುವವರೆಗೆ, ಅದರಲ್ಲೇ ಊಟ ಮಾಡಿದ. ಹಾಗೆ ಬೆಸೆದುಕೊಳ್ಳಲು ಮೂಳೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಅದೇ ದಿನ, ಮೂರೇ ದಿನ ಎಂಬ ಜಾಹೀರಾತುಗಳು ಹೇಳುವ ಪದ್ಧತಿಗಳೂ ಇವೆ, ಸರಿಯಾದ ಮೂಳೆ, ಸರಿಯಾದ ಕೈ ಇದ್ದರೆ ಕೆಲವರಿಗೆ ಒಳ್ಳೆಯ ಫಲವೂ ಸಿಕ್ಕಿದೆ. ಆದರೆ ಆ ಅವಸರಕ್ಕಾಗಿ ಗಟ್ಟಿಯಿರುವ ಹಲ್ಲನ್ನು ಕೀಳಲು ಹೇಳಿದರೆ ಎದ್ದು ಬಾ. ಇಂಪ್ಲಾಂಟಿನ ಕಂಪನಿ, ಅಳತೆ, ಬ್ಯಾಚ್ ನಂಬರು ಬರೆದ ಚೀಟಿ ಕೇಳಿ ಇಟ್ಟುಕೋ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಸ್ಕ್ರೂ ಸಡಿಲವಾದರೆ ಆ ಚೀಟಿಯಿಲ್ಲದೆ ಯಾರೂ ಕೈಹಾಕಲಾರರು.

ಇದನ್ನು ಓದುತ್ತಿರುವ ಹಿರಿಯರಿಗೆ ಒಂದು ಮಾತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಒಸಡೂ ಮೂಳೆಯೂ ಮಾಯುವುದಿಲ್ಲ, ಮೂರು ತಿಂಗಳ ಸರಾಸರಿಯ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೃದಯದ ವೈದ್ಯರೇ ಹೇಳಲಿ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವವರು ಹಲ್ಲು ಕೀಳಿಸುವ ಮೊದಲು ಅದನ್ನು ಹೇಳಲೇಬೇಕು. ದವಡೆಯ ಮೂಳೆ ಕೊಳೆಯುವ ಅಪಾಯವಿದೆ. ಬೀಡಿ ಸಿಗರೇಟು ಸೇದುವವರ ಇಂಪ್ಲಾಂಟುಗಳು ಹೆಚ್ಚು ಸೋಲುತ್ತವೆ. ಮತ್ತೆ ನಿನಗೆ, ಮಗಳೇ: ಇನ್ನೊಂದು ಮಗುವಿನ ಯೋಚನೆ ಇದ್ದರೆ ವೈದ್ಯರಿಗೆ ಈಗಲೇ ಹೇಳು. ಬಸುರಿನ ನಡುವೆ ಇಂಥ ದೊಡ್ಡ ಕೆಲಸ ಇಟ್ಟುಕೊಳ್ಳುವುದು ಬೇಡ.

ದುಡ್ಡು ಲಕ್ಷಗಳಲ್ಲಿ ಹೋಗುತ್ತದೆ, ಆರೋಗ್ಯ ವಿಮೆ ಬಹುತೇಕ ಇದಕ್ಕೆ ಸಿಗುವುದಿಲ್ಲ. ಹಂತ ಹಂತಕ್ಕೆ ಬಿಡಿಸಿ ಬರೆದ ಎಸ್ಟಿಮೇಟು ತೆಗೆದುಕೊಂಡು, ಮುಗಿದ ಹಂತಕ್ಕೆ ಮಾತ್ರ ಹಣ ಕೊಡು. ಪೂರ್ತಿ ಮುಂಗಡ ಕೊಟ್ಟರೆ ರಿಯಾಯಿತಿ ಅಂದರೂ ಒಪ್ಪಬೇಡ. ಮಧ್ಯೆ ವೈದ್ಯರು ಬದಲಾಗಬಹುದು, ಯೋಜನೆ ಬದಲಾಗಬಹುದು. ಇಷ್ಟು ದುಡ್ಡಿಲ್ಲದವರಿಗೆ ದಂತ ಕಾಲೇಜುಗಳಿವೆ. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜಿನಿಂದ ಹಿಡಿದು ತುಮಕೂರು, ದಾವಣಗೆರೆ, ಧಾರವಾಡ, ಮಂಗಳೂರು, ಮಣಿಪಾಲದವರೆಗೆ ಕಾಲೇಜುಗಳ ಪ್ರಾಸ್ಥೊಡಾಂಟಿಕ್ಸ್ (ಕೃತಕ ಹಲ್ಲು ಕಟ್ಟುವ) ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರಿನಲ್ಲಿ ಈ ಕೆಲಸ ಮಾಡುತ್ತಾರೆ. ಖರ್ಚು ಬಹಳ ಕಡಿಮೆ, ಓಡಾಟ ಜಾಸ್ತಿ. ಹಲ್ಲೇ ಇಲ್ಲದ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ಸರ್ಕಾರ ತಂದಿದೆ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಲ್ಲಿ ವಿಚಾರಿಸಬೇಕು.

ಎಲ್ಲ ಮುಗಿದ ಮೇಲೂ ಮೊದಲ ಒಂದೆರಡು ತಿಂಗಳು ಬಾಯಿ ತನ್ನದಲ್ಲ ಅನ್ನಿಸುತ್ತದೆ. ನಾಲಿಗೆ ಹೋಗಿ ಹೋಗಿ ಹೊಸ ಅಂಚುಗಳನ್ನು ಮುಟ್ಟುತ್ತದೆ. ತಣ್ಣಗಿನದಕ್ಕೆ ಸ್ವಲ್ಪ ಜುಮ್ಮೆನ್ನುವುದು ಕಡಿಮೆಯಾಗುತ್ತ ಬರಬೇಕು; ರಾತ್ರಿ ಎಬ್ಬಿಸುವ ನೋವಾದರೆ ತಡಮಾಡಬೇಡ. ಕ್ಯಾಪಿಗೆ ಹುಳುಕು ಬರುವುದಿಲ್ಲ, ಅದರಂಚಿನ ಕೆಳಗಿನ ಹಲ್ಲಿಗೆ ಬರುತ್ತದೆ. ದಿನಾ ರಾತ್ರಿ ಹಲ್ಲುಸಂದಿಯ ಚಿಕ್ಕ ಬ್ರಷ್ಷು, ಬ್ರಿಡ್ಜ್ ಹಾಕಿದ್ದರೆ ಅದರ ಕೆಳಗೆ ದಾರ, ಆರು ತಿಂಗಳಿಗೊಮ್ಮೆ ತಪಾಸಣೆ, ಮಲಗುವಾಗ ಹಲ್ಲಿಗೆ ಹಾಕುವ ನೈಟ್‌ಗಾರ್ಡ್. ಈ ನೈಟ್‌ಗಾರ್ಡ್ ಜೀವನಪರ್ಯಂತ. ಹಲ್ಲು ಕಡಿಯುವ ನಿನಗೆ ಅದನ್ನು ಬಿಡುವ ಆಯ್ಕೆ ಇಲ್ಲ. ಕ್ಯಾಪುಗಳು ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುತ್ತವೆ, ಕೆಲವು ಇನ್ನೂ ಹೆಚ್ಚು. ಜೀವಮಾನದ ಗ್ಯಾರಂಟಿ ಅಂತ ಬರೆದುಕೊಡುವವರ ಮಾತು ನಂಬಬೇಡ. ನಿನಗೀಗ ಮೂವತ್ತಾರು. ಐವತ್ತರ ಆಸುಪಾಸಿನಲ್ಲಿ ಕೆಲವನ್ನು ಮತ್ತೆ ಮಾಡಿಸಬೇಕಾಗುತ್ತದೆ, ಅದಕ್ಕೆಂದು ಈಗಿನಿಂದಲೇ ಸ್ವಲ್ಪ ಎತ್ತಿಡು.

ಇಷ್ಟೆಲ್ಲ ಬರೆಯುವಾಗ ನನ್ನ ಮನಸ್ಸು ನಿನ್ನ ಮಗಳ ಕಡೆಗೇ ಹೋಗುತ್ತಿತ್ತು. ಪುಟ್ಟಿಗೆ ಐದು ವರ್ಷ, ರಜೆಯೆಲ್ಲ ಪಾವಗಡದ ಅಜ್ಜಿ ಮನೆಯಲ್ಲಿ. ಅವಳ ಶಾಶ್ವತ ಹಲ್ಲುಗಳಲ್ಲಿ ಹಲವದರ ಎನಾಮೆಲ್ ಇನ್ನೂ ರೂಪುಗೊಳ್ಳುತ್ತಿದೆ, ಅಂದರೆ ಇನ್ನೂ ತಡೆಯಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತರುತ್ತಾರೆ, ಸರಿ. ಆದರೆ ಕುಡಿಯಲು ಮಾತ್ರ ಅದು, ಅನ್ನಕ್ಕೂ ಬೇಳೆಗೂ ಮುದ್ದೆಯ ಎಸರಿಗೂ ಕೊಳವೆಬಾವಿಯ ನೀರನ್ನೇ ಇಡುತ್ತಾರೆ. ಅಡುಗೆಯ ನೀರೆಲ್ಲ ಹೊಟ್ಟೆಗೇ ಹೋಗುವುದು. ಅಮ್ಮನಿಗೆ ಹೇಳು, ಅಡುಗೆಗೂ ಘಟಕದ ನೀರನ್ನೇ ಬಳಸಲಿ. ಪುಟ್ಟಿಯ ಬ್ರಷ್ಷಿಗೆ ಬಟಾಣಿ ಕಾಳಿನಷ್ಟೇ ಪೇಸ್ಟು ಹಾಕು, ನುಂಗದೆ ಉಗುಳುವುದನ್ನು ಕಲಿಸು. ಕೊಳವೆಬಾವಿಯದೂ ಘಟಕದ್ದೂ ಎರಡೂ ನೀರನ್ನು ಬೇರೆ ಬೇರೆ ಬಾಟಲಿಯಲ್ಲಿ ತುಂಬಿ ತುಮಕೂರಿನ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡು. ಫಲಿತಾಂಶ ಕೈಗೆ ಬಂದ ತಕ್ಷಣ, ನಿನ್ನ ಸ್ಪ್ಲಿಂಟಿನ ಸುದ್ದಿಯ ಜೊತೆಗೆ, ನನಗೆ ಕಳಿಸು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ